ಥಂಡಿ ಪ್ಯಾಕೇಜ್ ಅಂತ ಮಾರಿದ ಕ್ಯಾಂಪರ್ ಕೆಲ್ಸದ ಬಗ್ಗೆ ಕಡೀ ದೂರು

ಕಸ್ಟಮರ್ ಕೇರ್ ಮ್ಯಾನೇಜರ್, ಹೆಡ್ ಆಫೀಸ್ ಇವ್ರಿಗೆ
ಕಾಪಿ: ರಿಂಗ್ ರೋಡ್ ವರ್ಕ್‌ಶಾಪ್, ಕಲಬುರಗಿ

ನಮಸ್ಕಾರ್ರಿ.

ಫೋನ್ ಮಾಡಿ ಮಾಡಿ ಸಾಕಾಗ್ಯದ. ವಾಟ್ಸಾಪ್‌ನಾಗ ಕಳ್ಸಿದ್ದಕ್ಕೆಲ್ಲ ನೀಲಿ ಟಿಕ್ ಬಿದ್ದಾವ, ಉತ್ತರ ಮಾತ್ರ ಒಂದೂ ಇಲ್ಲ. ದೂರಿನ ನಂಬರ್ ಅಂತ ಒಂದು ಕೊಟ್ಟಿದ್ರಿ, ಅದನ್ನ ನಿನ್ನೆ ತೆಗೆದು ನೋಡಿದ್ರ "ಗ್ರಾಹಕರ ಒಪ್ಪಿಗೆ ಮೇರೆಗೆ ಮುಗಿಸಲಾಗಿದೆ" ಅಂತ ಬರೆದೀರಿ. ಯಾವ ಗ್ರಾಹಕ ಒಪ್ಪಿಗೆ ಕೊಟ್ಟಾನ್ರಿ? ನಾ ಅಂತೂ ಕೊಟ್ಟಿಲ್ಲ. ಇಷ್ಟು ದಿನ ಸಮಾಧಾನದಿಂದನೇ ಮಾತಾಡೀನಿ, ಈ ಪತ್ರನೂ ಸಮಾಧಾನದಿಂದನೇ ಬರೀಬೇಕಂತ ಕುಂತೀನಿ, ಆದ್ರ ಆ ಸಾಲು ಓದಿದ ಮ್ಯಾಲೆ ಎಷ್ಟು ಆಗ್ತದೋ ಗೊತ್ತಿಲ್ಲ.

ನಮ್ಮ ಟೆಂಪೋ ಟ್ರಾವೆಲರ್‌ನ ಕ್ಯಾಂಪರ್, ಅಂದ್ರ ಒಳಗೇ ಮಲಗಿ ಇರೋ ಗಾಡಿ, ಮಾಡ್ಸಲಾಕ ನಿಮ್ಮ ರಿಂಗ್ ರೋಡ್ ವರ್ಕ್‌ಶಾಪಿಗೆ ಬಿಟ್ಟಿದ್ದೆ. ಎಲ್ಲಿಗೆ ಹೋಗೋದದ ಅಂತ ಮೊದಲನೇ ದಿನನೇ ಹೇಳೀನಿ: ಫೆಬ್ರವರಿದಾಗ ಹಿಮಾಚಲದ ಸ್ಪಿತಿ. ಕುಂಜುಮ್ ಘಾಟಿ ಕಡೀ ದಾರಿ ಥಂಡಿ ಕಾಲಕ್ಕ ಬಂದ್ ಇರ್ತದ, ಅದಕ್ಕ ಶಿಮ್ಲಾ, ರಾಂಪುರ, ನಾಕೋ, ತಾಬೋ ಮ್ಯಾಲಿಂದ ಸ್ಪಿತಿಯ ಮುಖ್ಯ ಊರು ಕಾಜಾಕ್ಕ. ಕಾಜಾ ಸುಮಾರು 3,800 ಮೀಟರ್ ಎತ್ತರದಾಗ ಅದ, ಆ ತಿಂಗಳದಾಗ ರಾತ್ರಿ ಸೊನ್ನೆಗಿಂತ 15, 20 ಡಿಗ್ರಿ ಕೆಳಗ ಹೋಗ್ತದ. ಕರೆಂಟ್ ಸಿಗ್ತದಂತ ನಂಬ್ಕೊಂಡು ಹೋಗೋ ಜಾಗ ಅಲ್ಲ ಅದು, ಗಾಡಿದಾಗಿನ ಬ್ಯಾಟರಿ ಮ್ಯಾಲೇ ಬದುಕಬೇಕು. ಇದನ್ನೆಲ್ಲ ಕೇಳ್ಕೊಂಡೇ ನೀವು ಕೊಟೇಶನ್ ಕೊಟ್ರಿ. 200 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ, ಥಂಡಿದಾಗ ಚಾರ್ಜಿಂಗ್ ತಾನೇ ನಿಲ್ಲೋ ರಕ್ಷಣೆ ಸಹಿತ. 400 ವ್ಯಾಟ್ ಸೋಲಾರ್. 2 ಕಿಲೋವ್ಯಾಟ್ ಡೀಸೆಲ್ ಹೀಟರ್, ಕಾರ್ಬನ್ ಮೊನಾಕ್ಸೈಡ್ ಅಲಾರಂ ಸಹಿತ. ಪೂರ್ತಿ ಇನ್ಸುಲೇಶನ್. ಮ್ಯಾಲೆ ದೊಡ್ಡ ಅಕ್ಷರದಾಗ "ಥಂಡಿ ಪ್ಯಾಕೇಜ್". ಈ ಕಾಗದ ನಿಮ್ಮ ಫೈಲ್‌ನಾಗೂ ಅದ, ವಾರಂಟಿ ಕಾರ್ಡಿನ ಷರತ್ತೂ ನೀವೇ ಬರೆದಿದ್ದು, ಅದನ್ನ ನಾ ನಿಮಗ ಓದಿ ಹೇಳೋ ಗರಜ ಇಲ್ಲ.

ಅಷ್ಟು ದೂರ ಹೋಗೋಕಿಂತ ಮುಂಚೆ ಒಂದು ರಾತ್ರಿ ಇದ್ದು ನೋಡೋಣು ಅಂತ ಬೀದರ್ ಹತ್ರ ನಮ್ಮ ಕಾಕಾನ ಹೊಲಕ್ಕ ಹೋದ್ವಿ. ಡಿಸೆಂಬರ್‌ದಾಗ ಬೀದರ್ ಥಂಡಿ ನಮ್ಮ ಕಡಿ ಎಲ್ಲಾರಿಗೂ ಗೊತ್ತು, 10 ಡಿಗ್ರಿಗಿಂತ ಕೆಳಗ ಹೋಗ್ತದ, ಆದ್ರೂ ಅದು ಕಾಜಾದ ಮುಂದ ಏನೂ ಅಲ್ಲ. ಹೀಟರ್ ಹಚ್ಚಿದ್ವಿ. ಒಂದೆರಡು ನಿಮಿಷ ಗುಂಯ್ ಅಂತು, ಬಂದ್ ಆಯ್ತು, ಸ್ಕ್ರೀನ್ ಮ್ಯಾಲೆ ವೋಲ್ಟೇಜ್ ಕಮ್ಮಿ ಅಂತ ಎರರ್ ಬಂತು. ಬ್ಯಾಟರಿ ನೋಡಿದ್ರ ಫುಲ್ ಅದ. ಮತ್ತ ಹಚ್ಚಿದ್ರ ಮತ್ತ ಅದೇ. ರಾತ್ರಿಯೆಲ್ಲ ಹೊಚ್ಕೊಂಡು ಕುಂತ್ವಿ. ನಸುಕಿನಾಗ ನೋಡಿದ್ರ ಛತ್ತಿನ ಕಬ್ಬಿಣದ ಪಟ್ಟಿ ಒಂದೊಂದಕ್ಕೂ ನೀರು ಕೂತು ಹಾಸಿಗಿ ಮ್ಯಾಲೆ ಹನಿ ಹನಿ ಬೀಳ್ಲಾಕತ್ತಿತ್ತು, ಯಾಕಂದ್ರ ಪಟ್ಟಿ ನಡುವಿನ ಜಾಗಕ್ಕ ಫೋಮ್ ತುಂಬಿ ಪಟ್ಟಿನ ಹಂಗೇ ಬರೀ ಬಿಟ್ಟೀರಿ, ಹೊರಗಿನ ಥಂಡಿ ಆ ಲೋಹದಗುಂಟ ನೇರ ಒಳಗ ಬರ್ತದ, ಮಂದಿ ಉಸಿರಿನ ಹಸಿ ಎಲ್ಲ ಅಲ್ಲೇ ಕೂಡ್ತದ. ಹೊತ್ತು ಹುಟ್ಟಿ ಬಿಸಲು ಪ್ಯಾನಲ್ ಮ್ಯಾಲೆ ಬಿದ್ದು ಭಾಳ ಹೊತ್ತಾಗಿರಲಿಲ್ಲ, ಪ್ಯಾನಲ್ ಕರೆಂಟ್ ಹಿಡಿತದಾಗ ಬ್ಯಾಟರಿಗೆ ಕೊಡೋ ಸೋಲಾರ್ ಕಂಟ್ರೋಲರ್‌ದಿಂದ ಸುಟ್ಟ ವಾಸ್ನಿ ಬಂತು. ಅದೂ ಹೋಯ್ತು.

ನಮ್ಮ ಅಪ್ಪ ಕರೆಂಟ್ ಆಫೀಸಿನಾಗ ಲೈನ್‌ಮನ್ ಇದ್ದು ರಿಟೈರ್ ಆದವ್ರು. ಕಲಬುರಗಿ ಬ್ಯಾಸಿಗಿದಾಗ ಕಂಬ ಏರಿ ಕೆಲ್ಸ ಮಾಡ್ಯಾರ, ಜೀವನದಾಗ ಒಮ್ಮೆ ಹಿಮ ಮುಟ್ಟಿ ನೋಡಬೇಕಂತ ಅವ್ರ ಆಸೆ, ಈ ಗಾಡಿ ಮಾಡ್ಸಿದ್ದೇ ಅವ್ರ ಸಲುವಾಗಿ. ಅವ್ರು ಅಲ್ಲೇ ಹೊಲದಾಗ ಮೀಟರ್ ಹಿಡ್ಕೊಂಡು ಕುಂತು ಸುಟ್ಟ ಕಂಟ್ರೋಲರ್ ಒಂದು ಬಿಟ್ಟು ಎಲ್ಲ ಬಿಚ್ಚಿ ನೋಡಿದ್ರು, ಲಗ್ನಪತ್ರಿಕಿ ಹಿಂದ ಲೆಕ್ಕ ಬರೆದ್ರು. ಆ ಲೆಕ್ಕ ಇಲ್ಲಿ ಹಾಕ್ತೀನಿ, ಹೆಡ್ ಆಫೀಸಿನಾಗ ಇಂಜಿನಿಯರ್ ಇದ್ರ ತಪ್ಪಿದ್ರ ತೋರಿಸ್ಲಿ.

ಹೀಟರ್ ಚಾಲೂ ಆಗೋವಾಗ ಡೀಸೆಲ್ ಹೊತ್ತಿಸೋ ಗ್ಲೋ ಪ್ಲಗ್ ಕಾಯಲಾಕ 10 ಆಂಪಿಯರ್ ಹತ್ರ ಎಳೀತದ. ನೀವು ಬ್ಯಾಟರಿಯಿಂದ ಹೀಟರ್ ತನಕ 6 ಮೀಟರ್ ಎಳದಿದ್ದು 1.5 ಸ್ಕ್ವೇರ್ ಎಂಎಂ ವೈರ್. ಹೋಗೋದು ಬರೋದು ಸೇರಿ 12 ಮೀಟರ್, ರೆಸಿಸ್ಟನ್ಸ್ 0.14 ಓಮ್, ಅಂದ್ರ ವೈರಿನಾಗೇ 1.4 ವೋಲ್ಟ್ ಹೋಯ್ತು. ಹೀಟರ್‌ಗೆ ಮುಟ್ಟಿದ್ದು 12.8 ವೋಲ್ಟ್‌ದಾಗ 1.4 ಕಳೆದು ಬರೀ 11.4. ಅದು ಎರರ್ ತೋರಿಸಿ ಬಂದ್ ಆಗಿದ್ದು ಇದಕ್ಕೇ ಇರಬೇಕು. 6 ಸ್ಕ್ವೇರ್ ಎಂಎಂ ಹಾಕಿದ್ರ ಅರ್ಧ ವೋಲ್ಟ್ ಸಹ ಹೋಗ್ತಿರಲಿಲ್ಲ.

ಸೋಲಾರ್ ಮಾತು ಇನ್ನೂ ಕೆಟ್ಟದ್ದು. ಪ್ಯಾನಲ್ ಹಿಂದ ಚೀಟಿ ಮ್ಯಾಲೆ ಓಪನ್ ಸರ್ಕ್ಯೂಟ್ ವೋಲ್ಟೇಜ್, ಅಂದ್ರ ಏನೂ ಜೋಡಿಸದೆ ಇದ್ದಾಗಿನ ವೋಲ್ಟೇಜ್, 24.3 ಅಂತ ಅದ. ಎರಡು ಪ್ಯಾನಲ್ ಸೀರೀಸ್‌ನಾಗ ಹಾಕೀರಿ, 48.6 ಆಯ್ತು. ಕಂಟ್ರೋಲರ್ ತಡಿಯೋದು 50 ವೋಲ್ಟ್. ಕಾಗದ ಮ್ಯಾಲೆ ಸರಿ ಕಾಣ್ತದ, ಆದ್ರ ಚೀಟಿದಾಗಿನ ನಂಬರ್ 25 ಡಿಗ್ರಿದ್ದು. ಪ್ಯಾನಲ್ ಥಂಡಿ ಆದಂಗ ವೋಲ್ಟೇಜ್ ಏರ್ತದ, ಡಿಗ್ರಿಗೆ ಸುಮಾರು 0.3 ಪರ್ಸೆಂಟ್. ಬೀದರ್ ನಸುಕಿನಾಗ 10 ಡಿಗ್ರಿಗೇ 50 ದಾಟ್ತು. ಕಾಜಾದಾಗ ಸೊನ್ನೆಗಿಂತ 20 ಕೆಳಗ ಇದ್ರ 55 ಹತ್ರ ಹೋಗ್ತಿತ್ತು. ಥಂಡಿ ಪ್ಯಾಕೇಜ್ ಅಂತ ರೊಕ್ಕ ತಗೊಂಡವ್ರಿಗೆ ಥಂಡಿದಾಗ ಪ್ಯಾನಲ್ ಏನ್ ಮಾಡ್ತದ ಅನ್ನೋದು ಗೊತ್ತಿರಬ್ಯಾಡೇನ್ರಿ?

ಬ್ಯಾಟರಿ ನೋಡ್ರಿ. ಲಿಥಿಯಂ ಐರನ್ ಫಾಸ್ಪೇಟ್ ಬ್ಯಾಟರಿನ ಸೊನ್ನೆ ಡಿಗ್ರಿ ಕೆಳಗ ಚಾರ್ಜ್ ಮಾಡಬಾರದು. ಲಿಥಿಯಂ ಒಳಗ ಹೋಗದೆ ಮ್ಯಾಲೇ ಲೋಹ ಆಗಿ ಕೂಡ್ತದ, ಸೆಲ್ ಕಾಯಂ ಹಾಳು, ಮತ್ತ ಸರಿ ಆಗಂಗಿಲ್ಲ. ಅದಕ್ಕೇ ನಾ ಆ ರಕ್ಷಣೆ ಕೊಟೇಶನ್‌ನಾಗ ಬರೆಸಿದ್ದೆ. ಬ್ಯಾಟರಿ ಕಾಯೋ ಸರ್ಕ್ಯೂಟ್ ಬಿಎಂಎಸ್ ಅದಲ್ಲ, ಅದರ ಆ್ಯಪ್ ತೆಗೆದ್ರ ಟೆಂಪರೇಚರ್ ಜಾಗದಾಗ ಎರಡು ಗೀಟು ಬರ್ತಾವ, ಅಷ್ಟೇ. ಸೆನ್ಸರೇ ಹಾಕಿಲ್ಲ. ಮ್ಯಾಲೆ ಬ್ಯಾಟರಿ ಡಬ್ಬಿ ಗಾಡಿ ಹೊರಗ, ಚಾಸಿ ಕೆಳಗ ಕೂಡ್ಸೀರಿ, ಬೆಚ್ಚಗ ಇರಬೇಕಾದ್ದೇ ಎಲ್ಲಕ್ಕಿಂತ ಥಂಡಿ ಜಾಗದಾಗ.

ಅಲಾರಂ ಇಲ್ಲವೇ ಇಲ್ಲ. ಹೀಟರ್ ಹೊಗಿ ಪೈಪ್ ಗಾಡಿ ಬಾಜೂಕ ಹೊರಗ ತೆಗೀದೆ ನಡು ಫ್ಲೋರ್ ಕೆಳಗೇ ಕತ್ತರಿಸಿ ಬಿಟ್ಟೀರಿ. ಸುತ್ತಲೂ ಹಿಮ ಕೂತ್ರ ಆ ಹೊಗಿ ಎಲ್ಲಿ ಹೋಗ್ತದ? ಕಾರ್ಬನ್ ಮೊನಾಕ್ಸೈಡ್‌ಗೆ ವಾಸ್ನಿ ಇಲ್ಲ, ಬಣ್ಣ ಇಲ್ಲ, ಮಲಗಿದವ್ರು ಏಳೋದೇ ಇಲ್ಲ. ಇದನ್ನ ಬರೀವಾಗ ನನ್ನ ಕೈ ನಡುಗ್ತದ, ಯಾಕಂದ್ರ ಬೀದರ್‌ದಾಗ ಹೀಟರ್ ಕೆಟ್ಟಿದ್ದಕ್ಕೇ ಆ ರಾತ್ರಿ ಅದರ ಹೊಗಿ ಕುಡೀಲಿಲ್ಲ ನಾವು.

ಈಗ ನಿಮ್ಮ ವರ್ಕ್‌ಶಾಪಿನಾಗ ಆಗಿದ್ದು ಹೇಳ್ತೀನಿ, ಹೆಡ್ ಆಫೀಸಿನವ್ರು ಪೂರ್ತಿ ಓದ್ರಿ. ಸೋಮವಾರ ಮುಂಜಾನೆ ಅಪ್ಪನ್ನ ಕರ್ಕೊಂಡು ಹೋದೆ. ನಿಮ್ಮ ಮ್ಯಾನೇಜರ್ ಕೌಂಟರ್ ಮ್ಯಾಲೆ ಪೇಪರ್ ಹಾಸಿ ಸುಸಲಾ ಮಿರ್ಚಿ ತಿನ್ಲಾಕತ್ತಿದ್ರು. ತಿನ್ಲಿ, ಹಸಿವಾಗಿರ್ತದ. ಕುರ್ಚಿ ಎರಡು ಖಾಲಿ ಇದ್ವು, ಒಂದರ ಮ್ಯಾಲೆ ಹೆಲ್ಮೆಟ್, ಒಂದರ ಮ್ಯಾಲೆ ಸೀಟ್ ಕವರ್ ಗಂಟು, ತೆಗೀರಿ ಅಂತ ಯಾರೂ ಅನ್ನಲಿಲ್ಲ, ಅಪ್ಪ ನಿಂತೇ ಇದ್ರು. ನಾ ಕಂಟ್ರೋಲರ್ ಸುಟ್ಟಿದ್ದು ಹೇಳ್ದೆ. ತಲಿ ಎತ್ತದೆ "ಬಿಸಲು ಜಾಸ್ತಿ ಆಗಿ ಸುಟ್ಟದ, ಕಲಬುರಗಿ ಬಿಸಲು ಅಲ್ಲೇನ್ರಿ, ವಾರಂಟಿ ಬರಲ್ಲ" ಅಂದ್ರು. ಡಿಸೆಂಬರ್ ನಸುಕಿನಾಗ, ಬೀದರ್‌ದಾಗ ಆಗಿದ್ದು ಅಂದೆ. "ಥಂಡಿಗೆ ಸುಡ್ತದೇನ್ರಿ ಎಲ್ಲ್ಯಾರ? ಯೂಟ್ಯೂಬ್ ನೋಡಿ ಬಂದೀರೇನ್?" ಅಂದ್ರು, ಹಿಂದ ಕೆಲ್ಸದ ಹುಡುಗ್ರು ನಕ್ಕರು. ಅಪ್ಪ ಲಗ್ನಪತ್ರಿಕಿ ಮುಂದಿಟ್ಟು ಲೆಕ್ಕ ತೋರಸಾಕ ಹೋದ್ರು, ನಿಮ್ಮ ಮ್ಯಾನೇಜರ್ ಅದರ ಮ್ಯಾಲೇ ಮಿರ್ಚಿ ತೊಟ್ಟು ಇಟ್ರು. ಬೇಕಂತ ಇಟ್ರೋ, ನೋಡದೆ ಇಟ್ರೋ, ನನಗ ಬ್ಯಾಡ. ಅಪ್ಪ ತೊಟ್ಟು ಸರಸಿ, ಎಣ್ಣಿ ಧೋತರಕ್ಕ ಒರಸ್ಕೊಂಡು, ಮೆಲ್ಲಕ "ಸಾಹೇಬ್ರ, ಬ್ಯಾಟರಿ ಪ್ಲಸ್‌ಗೆ ಫ್ಯೂಜ್ ಕಾಣಲಿಲ್ಲ, ಎಲ್ಲಿ ಹಾಕೀರಿ?" ಅಂತ ಕೇಳಿದ್ರು. ಅದಕ್ಕ ಬಂದ ಉತ್ತರ: "ಅಜ್ಜಾ, ಇದು ಹನ್ನೆರಡು ವೋಲ್ಟ್. ಶಾಕ್ ಹೊಡಿಯಲ್ಲ. ನಿಮ್ಮ ಕಂಬದ ಲೈನ್ ಅಲ್ಲ ಇದು." ಮತ್ತ ನಗು.

ಮೂವತ್ತು ವರ್ಷದ ಮ್ಯಾಲೆ ಲೈನ್ ಕೆಲ್ಸ ಮಾಡಿದ ಮನುಷ್ಯಾಗ ಫ್ಯೂಜ್ ಯಾಕ ಅಂತ ಪಾಠ ಹೇಳ್ತೀರಿ. ಹನ್ನೆರಡು ವೋಲ್ಟ್ ಕೈಗೆ ಹೊಡಿಯಲ್ಲ, ಗೊತ್ತದ. ಲಿಥಿಯಂ ಬ್ಯಾಟರಿ ಶಾರ್ಟ್ ಆದ್ರ ನೂರಾರು ಆಂಪಿಯರ್ ಹರೀತದ, ವೈರ್ ಕೆಂಪಗ ಕಾದು ಗಾಡಿಗೇ ಬೆಂಕಿ ಹತ್ತತದ. ಫ್ಯೂಜ್ ಬ್ಯಾಟರಿ ಪ್ಲಸ್ ಹತ್ರನೇ ಇರಬೇಕು ಅನ್ನೋದು ಇದಕ್ಕ. ಅಪ್ಪ ಕೇಳಿದ್ದು ನೂರಕ್ಕ ನೂರು ಸರಿ ಪ್ರಶ್ನೆ. ನಾ ಡೀಸೆಲ್ ಮಾತು ತೆಗೆದೆ, ನಮ್ಮ ಕಡಿ ತುಂಬಿಸಿದ ಡೀಸೆಲ್ ಅಲ್ಲಿ ಗಟ್ಟಿ ಆಗ್ತದ, ಹೀಟರ್ ಪೈಪಿಗೂ ಅದೇ ಡೀಸೆಲ್ ಹೋಗ್ತದ, ಅದಕ್ಕೇನ್ ವ್ಯವಸ್ಥಾ ಅಂದ್ರ "ಡೀಸೆಲ್ ಏನ್ ತುಪ್ಪ ಏನ್ರಿ ಹೆಪ್ಪುಗಟ್ಟಾಕ" ಅಂದ್ರು. ಇಂಡಿಯನ್ ಆಯಿಲ್‌ನವ್ರು 2019ರಾಗ ಲಡಾಖ್‌ಗಂತ ಸೊನ್ನೆಗಿಂತ 33 ಡಿಗ್ರಿ ಕೆಳಗ ಸಹ ಹರಿಯೋ ವಿಂಟರ್ ಡೀಸೆಲ್ ಯಾಕ ತಂದ್ರು? ಡೀಸೆಲ್‌ದಾಗಿನ ಮೇಣ ಥಂಡಿಗೆ ಗಟ್ಟಿ ಆಗಿ ಫಿಲ್ಟರ್ ಕಟ್ತದಂತಲೇ ಅಲ್ಲೇನ್ರಿ?

ಅಷ್ಟಕ್ಕ ಮುಗೀಲಿಲ್ಲ. ಗಾಡಿ ವಾಪಸ್ ಒಯ್ತೀನಿ ಅಂದ್ರ ಒಂದು ಟೈಪ್ ಮಾಡಿದ ಕಾಗದ ಮುಂದಿಟ್ರು, "ಗ್ರಾಹಕರ ತಪ್ಪು ಬಳಕೆಯಿಂದ ಹಾನಿ" ಅಂತ. ಸಹಿ ಮಾಡಿದ್ರ ಚಾವಿ, ಇಲ್ಲಂದ್ರ ಇಲ್ಲ. ನಮ್ಮ ಗಾಡಿ, ನಮ್ಮ ಚಾವಿ, ನಿಮ್ಮ ಡ್ರಾದಾಗ. ಸಂಜಿ ತನಕ ಅಪ್ಪ ಶಟರ್ ಮುಂದ ಕಲ್ಲ ಮ್ಯಾಲೆ ಕುಂತಿದ್ರು. ಪೊಲೀಸ್ ಸ್ಟೇಶನ್‌ಗೆ ಹೋಗ್ತೀನಿ ಅಂದಾಗ ಚಾವಿ ಕೌಂಟರ್ ಮ್ಯಾಲೆ ಜಾರಿಸಿದ್ರು, ಕೈಗೆ ಕೊಡಲಿಲ್ಲ. ಮನಿಗೆ ಬರೋವಾಗ ಅಪ್ಪ ಒಂದೇ ಮಾತು ಅಂದ್ರು: "ಬಿಡು, ಸ್ಪಿತಿ ಬ್ಯಾಡ." ನೀವು ವೈರ್ ಬದ್ಲಿ ಮಾಡಬಹುದು, ಕಂಟ್ರೋಲರ್ ಬದ್ಲಿ ಮಾಡಬಹುದು, ಈ ಮಾತು ಹ್ಯಾಂಗ ವಾಪಸ್ ಕೊಡ್ತೀರಿ?

ನನಗ ಬೇಕಾದ್ದು: ಕೊಟೇಶನ್‌ನಾಗ ಬರೆದಿದ್ದು ಎಲ್ಲ ಬರೆದಂಗ ಹಾಕಿ ಕೊಡ್ರಿ, ವೈರ್, ಫ್ಯೂಜ್, ಸೆನ್ಸರ್, ಅಲಾರಂ, ಹೊಗಿ ಪೈಪ್, ಪಟ್ಟಿ ಮ್ಯಾಲಿನ ಇನ್ಸುಲೇಶನ್, ದೊಡ್ಡ ಕಂಟ್ರೋಲರ್. ಅದೂ ರಿಂಗ್ ರೋಡ್ ಮ್ಯಾನೇಜರ್ ಕೈಲಿ ಬ್ಯಾಡ, ಹೆಡ್ ಆಫೀಸಿಂದ ಕೆಲ್ಸ ಗೊತ್ತಿದ್ದವ್ರನ್ನ ಕಳಿಸ್ರಿ. ಇಲ್ಲಂದ್ರ ಪೂರ್ತಿ ರೊಕ್ಕ ವಾಪಸ್. ಮತ್ತ ಅಪ್ಪನ ಹೆಸರಿಗೆ ಬರಹದಾಗ ಕ್ಷಮೆ. ಫೋನಿನಾಗ "ಸಾರಿ ಸರ್" ಅನ್ನೋದು ಬ್ಯಾಡ.

ಈ ಪತ್ರ ಸ್ಪೀಡ್ ಪೋಸ್ಟ್‌ನಾಗ ಕಳಿಸ್ಲಾಕತ್ತೀನಿ, ಮುಟ್ಟಿದ್ದಕ್ಕ ಪುರಾವೆ ಇರ್ತದ. ಮುಟ್ಟಿದ ದಿನದಿಂದ 15 ದಿನ ಕಾಯ್ತೀನಿ. 1915 ಗ್ರಾಹಕ ಸಹಾಯವಾಣಿಗೆ ಇವತ್ತೇ ಬರೆಸೀನಿ, ಅದಕ್ಕ 15 ದಿನ ಕಾಯೋದಿಲ್ಲ. ನಿಮ್ಮ ಕೊಟೇಶನ್ ಕೆಳಗ "ವ್ಯಾಜ್ಯ ಬೆಂಗಳೂರಿನಲ್ಲಿ ಮಾತ್ರ" ಅಂತ ಸಣ್ಣ ಅಕ್ಷರದಾಗ ಹಾಕೀರಿ, ಓದೀನಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 34ನೇ ಕಲಂ ಪ್ರಕಾರ ಗ್ರಾಹಕ ತಾನು ಇರೋ ಊರಾಗೇ ದೂರು ಹಾಕಬಹುದು, ಅಂದ್ರ ಕಲಬುರಗಿ ಜಿಲ್ಲಾ ಆಯೋಗದಾಗ. ನಾ ಕೊಟ್ಟ ರೊಕ್ಕ 5 ಲಕ್ಷದ ಒಳಗ ಅದ, ಅದಕ್ಕ ಫೀ ಇಲ್ಲ. ವಕೀಲರು ಬೇಕಂತಲೂ ಇಲ್ಲ, ನಾನೇ ನಿಂತು ಹೇಳ್ತೀನಿ. ಇಲ್ಲದ ಗುಣ ಅದ ಅಂತ ಹೇಳಿ ಮಾರೋದಕ್ಕ ಅದೇ ಕಾಯ್ದೆದಾಗ ಅನುಚಿತ ವ್ಯಾಪಾರ ಪದ್ಧತಿ ಅಂತ ಹೆಸರದ, ನಿಮ್ಮ ಲೀಗಲ್‌ನವ್ರಿಗೆ ಗೊತ್ತಿರ್ತದ. ಸುಟ್ಟ ಕಂಟ್ರೋಲರ್ ನನ್ನ ಹತ್ರನೇ ಅದ, ಬಿಚ್ಚಿಲ್ಲ. ಸಹಿ ಇಲ್ಲದ ಆ "ತಪ್ಪು ಬಳಕೆ" ಕಾಗದದ ಫೋಟೋ ಅದ. ವೈರ್ ಅಳತಿ, ಪ್ಯಾನಲ್ ಚೀಟಿ, ಫ್ಯೂಜ್ ಇಲ್ಲದ ಟರ್ಮಿನಲ್, ಎಲ್ಲದರ ವಿಡಿಯೋ ಅದ. ಆಯೋಗದ ಮುಂದ ಲೆಕ್ಕ ಹೇಳೋವ್ರು ನಮ್ಮ ಅಪ್ಪ, ಆ ಎಣ್ಣಿ ಕಲಿ ಬಿದ್ದ ಲಗ್ನಪತ್ರಿಕಿ ಹಿಡ್ಕೊಂಡೇ ಬರ್ತಾರ. ಅವತ್ತು ನಿಮ್ಮ ಮ್ಯಾನೇಜರ್ ತಪ್ಪದೆ ಬರಬೇಕು, ಹನ್ನೆರಡು ವೋಲ್ಟಿಗೆ ಫ್ಯೂಜ್ ಯಾಕ ಬ್ಯಾಡ ಅಂತ ಅಲ್ಲಿ ನಿಂತು ಹೇಳಲಿ.

ಇತಿ,
ನಿಮ್ಮ ಥಂಡಿ ಪ್ಯಾಕೇಜಿನ ಗ್ರಾಹಕ
ಕಲಬುರಗಿ