ಖಾಲಿ ಬೀದಿ ಫೋಟೋ ತೆಗೀತಿರೋ ತಂಗಿಗೆ

ಪ್ರೀತಿಯ ತಂಗಿ,

ನೀನು ಕಳಿಸಿದ ಫೋಟೋಗಳು, ಜೊತೆಗಿದ್ದ ಬರಹ ಎರಡೂ ನೋಡ್ದೆ. ಹಳ್ಳಿ ಬೀದಿ ಫೋಟೋದಲ್ಲಿ ಜನ ಇರ್ಬೇಕಾ ಬೇಡ್ವಾ ಅಂತ ಕೇಳಿದೀಯ. ನೋಡಮ್ಮ, ಫ್ರೇಮ್ ಒಳಗೆ ಒಬ್ಬ ಮನುಷ್ಯ ಬಂದ್ರೆ ಸಾಕು, ಎಷ್ಟೇ ಚಿಕ್ಕದಾಗಿ ಕಂಡ್ರೂ ನೋಡೋರ ಕಣ್ಣು ಸೀದಾ ಹೋಗೋದು ಅವನ ಮೇಲೇನೆ, ಬೀದಿ ಆಮೇಲೆ. ಹಾಗಾಗಿ ಕ್ಲಿಕ್ ಮಾಡೋ ಮುಂಚೆ ಈ ಫೋಟೋ ಬೀದೀದಾ ಅವನದಾ ಅಂತ ನಿಂಗೆ ಗೊತ್ತಿರ್ಬೇಕು ಅಷ್ಟೆ.

ಬೀದೀದೇ ಆದ್ರೆ ಖಾಲೀನೇ ಇರ್ಲಿ. ಆದ್ರೆ ನೀನು ಕಳಿಸಿದ್ರಲ್ಲಿ ಸುಮಾರು ಫೋಟೋ ಬರೀ ಗೋಡೆ, ರಸ್ತೆ, ಆಕಾಶ, ಅದ್ರಲ್ಲಿ ನೋಡೋಕೇನೂ ಇಲ್ಲ. ಒಂದು ಮಾತ್ರ ಚೆನ್ನಾಗಿದೆ, ಗೋಡೆಗೆ ಸೈಕಲ್ ಒರಗಿಸಿರೋದು. ಹ್ಯಾಂಡಲ್ ತಾಗಿ ತಾಗಿ ಅಷ್ಟೇ ಅಷ್ಟು ಜಾಗದಲ್ಲಿ ಸುಣ್ಣ ಎದ್ದು ಒಳಗಿನ ಮಣ್ಣು ಕಾಣ್ತಿದೆ, ಅಂದ್ರೆ ಯಾರೋ ದಿನಾ ಅಲ್ಲೇ ತಂದು ನಿಲ್ಲಿಸ್ತಾರೆ. ಆ ಫೋಟೋಗೆ ಮತ್ತೆ ಮನುಷ್ಯ ಯಾಕೆ ಬೇಕು ಹೇಳು?

ಇನ್ನೊಂದು ವಿಷ್ಯ. 1838ರಲ್ಲಿ, ಫೋಟೋಗ್ರಫಿ ಶುರುಮಾಡಿದವರಲ್ಲಿ ಒಬ್ಬನಾದ ಡಗೇರ್ ಪ್ಯಾರಿಸ್‌ನ ಒಂದು ದೊಡ್ಡ ಬೀದಿ ಫೋಟೋ ತೆಗೆದ, ಗಾಡಿ ಜನ ಎಲ್ಲಾ ಓಡಾಡ್ತಿದ್ದ ಬೀದಿ ಅದು, ಆದ್ರೆ ಎಕ್ಸ್‌ಪೋಷರ್, ಅಂದ್ರೆ ಪ್ಲೇಟ್ ಮೇಲೆ ಬೆಳಕು ಬೀಳೋ ಹೊತ್ತು, ಎಷ್ಟೋ ನಿಮಿಷದ್ದು, ಹಂಗಾಗಿ ಚಲಿಸೋದೆಲ್ಲಾ ಮಾಯ ಆಗಿ ಬೀದಿ ಖಾಲಿ ಖಾಲಿ, ಶೂ ಪಾಲಿಶ್ ಮಾಡಿಸ್ಕೊಳ್ತಾ ಒಂದೇ ಕಡೆ ನಿಂತಿದ್ದವನ ಆಕೃತಿ ಮಾತ್ರ ಮೂಲೆಯಲ್ಲಿ ಉಳ್ಕೊಂಡಿದೆ. ಅಟ್ಜೆ (1857–1927) ಅನ್ನೋ ಫೋಟೋಗ್ರಾಫರ್ ಕೂಡ ಅದೇ ಪ್ಯಾರಿಸ್‌ನ ಹಳೇ ಬೀದಿಗಳನ್ನ ದೊಡ್ಡ ಗಾಜಿನ ಪ್ಲೇಟ್ ಮೇಲೆ ತೆಗೆದವನು, ಎಷ್ಟೋ ಸಲ ಬೆಳಗಿನ ಜಾವ ಹೋಗ್ತಿದ್ದ, ನಡುವೆ ಯಾರಾದ್ರೂ ಹಾದುಹೋದ್ರೆ ದೆವ್ವದ ಥರ ಮಸುಕಾಗಿ ಬರ್ತಿದ್ರು. ಬೀದಿ ಯಾಕೆ ಖಾಲಿ ಇದೆ ಅಂತ ಫೋಟೋ ಹೇಳಲ್ಲ. ಬೀಗ ಹಾಕಿದ ಬಾಗಿಲು ಕೆಲಸಕ್ಕೆ ಹೋದವರದ್ದೋ, ಊರೇ ಬಿಟ್ಟವರದ್ದೋ? ಎರಡೂ ಫೋಟೋ ಒಂದೇ ಥರ ಇರುತ್ತೆ. ನೀನು ಬರೀಬೇಕಾಗಿರೋದು ಅದನ್ನ, ಕೇಳಿ ತಿಳ್ಕೊಂಡು ಬರೀಬೇಕು. ಅದು ಬಿಟ್ಟು ಪ್ರತಿ ಕ್ಯಾಪ್ಷನ್‌ಗೂ "ಮೌನದ ಬೀದಿ", "ನೀರವ ಮಧ್ಯಾಹ್ನ" ಅಂತ ಹಾಕಿದೀಯಲ್ಲ, ಎಲ್ಲಾ ಹೊಡೆದು ಹಾಕು. ಕಣ್ಣಿಗೆ ಕಾಣೋದನ್ನೇ ಮತ್ತೆ ಯಾಕೆ ಹೇಳ್ತೀಯ, ಓದೋರೇನು ಕುರುಡ್ರಾ?

ಇನ್ನು ಜನ ಬೇಕು ಅನ್ನಿಸಿದ್ರೆ ಬೆಳಕು ಎಲ್ಲಿ ಬಿದ್ದಿದೆ ಅಂತ ಮೊದ್ಲು ನೋಡು. ಕತ್ತಲೆ ಬಾಗಿಲ ಮುಂದೆ ಕಪ್ಪು ತಲೆ ಬಂತು ಅಂದ್ರೆ ತಲೇನೇ ಕಾಣಲ್ಲ, ಅದೇ ಮನುಷ್ಯ ಎರಡು ಹೆಜ್ಜೆ ಮುಂದೆ ಬಂದು ಬಿಸಿಲು ಬಿದ್ದ ಗೋಡೆ ಮುಂದೆ ಕಾಲು ಅಗಲಿಸಿ ನಡೀತಿರುವಾಗ ಒತ್ತಿದ್ರೆ ಪೂರ್ತಿ ಆಕಾರ ಸಿಗುತ್ತೆ. ಶಟರ್ ಸ್ಪೀಡ್, ಅಂದ್ರೆ ಶಟರ್ ತೆರೆದಿರೋ ಹೊತ್ತು, 1/250 ಸೆಕೆಂಡ್ ಆಸುಪಾಸು ಇಟ್ರೆ ಮಾಮೂಲಿ ನಡಿಗೆಗೆ ಸಾಕು. 1/15ಕ್ಕೆ ಇಳಿಸಿದ್ರೆ ಮಸುಕಾಗುತ್ತೆ, ಕೆಲವೊಮ್ಮೆ ಅದೂ ಚೆಂದ, ಆದ್ರೆ ಕೈ ಅಲುಗದಂಗೆ ಟ್ರೈಪಾಡ್ ಇರ್ಲಿ. ತುಂಬಾ ಅಗಲಕ್ಕೆ ಹಿಡಿಯೋ ವೈಡ್ ಲೆನ್ಸ್‌ನಲ್ಲಿ ದೂರದವರು ಚುಕ್ಕೆ ಆಗೋಗ್ತಾರೆ, ನಂಗೆ ಅಷ್ಟೊಂದು ವೈಡ್ ಅಲ್ಲದ 35 ಎಂಎಂ ಲೆನ್ಸ್ ಇಷ್ಟ, ಅದು ನನ್ನ ಹಠ ಅಂತಾನೇ ಇಟ್ಕೋ.

ಮತ್ತೆ, ಬೇಡದವರನ್ನ ಎಡಿಟ್‌ನಲ್ಲಿ ಅಳಿಸೋ ಕೆಲಸ ಬೇಡ. ಊರಿನ ಬಗ್ಗೆ ಬರೀತಾ ಊರಿನವರನ್ನೇ ಅಳಿಸೋದು ಯಾವ ನ್ಯಾಯ? ಅವರು ದಾಟಿ ಹೋಗೋವರೆಗೂ ಕಾಯಿ. ಕಟ್ಟೆ ಮೇಲೆ ಯಾರಾದ್ರೂ ಕೂತಿದ್ರೆ ದೂರದಿಂದ ಜೂಮ್ ಹಾಕಿ ಕದ್ದು ತೆಗೀಬೇಡ, ಹೋಗಿ ಮಾತಾಡ್ಸಿ ಕೇಳು. ಮೊದಲ ಫೋಟೋಗೆ ಸೆಟೆದು ಕೂರ್ತಾರೆ, ಅದನ್ನೂ ತೆಗಿ, ತೋರ್ಸು, ಆಮೇಲೆ ಸ್ವಲ್ಪ ಹೊತ್ತು ಅಲ್ಲೇ ಇರು, ಅವರು ನಿನ್ನ ಮರೆತು ತಮ್ಮ ಪಾಡಿಗೆ ಇರ್ತಾರೆ. ಬೇಡ ಅಂದ್ರೆ ಬೇಡ, ಕ್ಯಾಮೆರಾ ಒಳಗಿಡು. ಬೀದಿ ಯಾಕೆ ಖಾಲಿ ಅನ್ನೋದಕ್ಕೂ ಉತ್ತರ ಸಿಗೋದು ಅವರ ಹತ್ರಾನೇ, ಅದಕ್ಕೆ ನೋಟ್‌ಬುಕ್ ಕೈಯಲ್ಲಿರ್ಲಿ.

ಮುಂದಿನ ಸಲ ಕ್ಯಾಪ್ಷನ್ ಇಲ್ಲದೇ ಬರೀ ಫೋಟೋ ಕಳ್ಸು, ಬರಹ ಬೇರೆ ಫೈಲಲ್ಲಿ ಕಳ್ಸು. ಆ ಸೈಕಲ್ ಯಾರದು ಅಂತಾನೂ ವಿಚಾರಿಸಿ ಬರಿ.

ನಿನ್ನ ಅಣ್ಣ