ಕಿರುಚಿತ್ರ ಪ್ರಾಜೆಕ್ಟ್: ಶನಿವಾರದೊಳಗೆ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ನೀವು ಕಳಿಸಿದ 7 ಐಡಿಯಾಗಳನ್ನೂ ಓದಿದೆ. ಐದರಲ್ಲಿ ಕೊಪ್ಪಳದ ಕೋಟೆ, ಸೂರ್ಯಾಸ್ತ! ಕೋಟೆ ಅಲ್ಲೇ ಇರುತ್ತದೆ, ಕಥೆ ಎಲ್ಲಿ?

ಕೊಪ್ಪಳ ಜಿಲ್ಲೆಯ ಕಿನ್ನಾಳದ ಮರದ ಗೊಂಬೆಗಳ ಬಗ್ಗೆ ಬರೆದ ತಂಡದವರ ಐಡಿಯಾ ನನಗೆ ಹಿಡಿಸಿತು. ಹುಣಸೆ ಬೀಜದ ಅಂಟು ಅರೆಯುವುದು, ಬಣ್ಣ ಹಚ್ಚುವುದು, ಎಲ್ಲವೂ ಕೈಕೆಲಸ. ಮುಖಕ್ಕಿಂತ ಕೈಗಳ ಕ್ಲೋಸಪ್ ಜಾಸ್ತಿ ತೆಗೆಯಿರಿ. ಮೊದಲ ದಿನ ಕ್ಯಾಮೆರಾ ಒಯ್ಯಬೇಡಿ. ಸುಮ್ನೆ ಕೂತು ನೋಡಿ, ಗೊಂಬೆ ಮಾಡುವವರ ಒಪ್ಪಿಗೆ ಕೇಳಿ.

ಸ್ಕ್ರಿಪ್ಟಿನ ಒಂದು ಪುಟ ತೆರೆಯ ಮೇಲೆ ಸುಮಾರು 1 ನಿಮಿಷ. 5 ನಿಮಿಷದ ಚಿತ್ರಕ್ಕೆ 14 ಪುಟ ಬರೆದವರು ನೀವೇ ಕತ್ತರಿ ಹಾಕಿ. ಇಬ್ಬರ ಮಾತುಕತೆ ಇದ್ದರೆ ಒಬ್ಬರಿಂದ ಇನ್ನೊಬ್ಬರಿಗೆ ಒಂದು ಗೆರೆ ಎಳೆದಿದೆ ಅಂದುಕೊಳ್ಳಿ. ಕ್ಯಾಮೆರಾ ಆ ಗೆರೆ ದಾಟಿದರೆ ಇಬ್ಬರೂ ಒಂದೇ ಕಡೆ ನೋಡಿದ ಹಾಗೆ ಕಾಣುತ್ತದೆ. ಮೈಕಿಗೆ ಬಡಿಯುವ ಗಾಳಿ ಸದ್ದಿನ ಬಗ್ಗೆ ಹೇಳಬೇಕಿಲ್ಲ ಅಲ್ವಾ? ಹೋದ ವರ್ಷ ಅನುಭವಿಸಿದ್ದೇವೆ.

ನೋಡಿದ ಚಿತ್ರದ ವಿಶ್ಲೇಷಣೆಯಲ್ಲಿ ಬರೀ "ಚೆನ್ನಾಗಿದೆ" ಎಂದು ಬರೆದರೆ ಅಂಕವಿಲ್ಲ. ಅದರಲ್ಲಿ ಯಾವುದಾದರೂ ಒಂದು ನಿಮಿಷ ಆರಿಸಿ, ಶಾಟ್ (ಒಂದು ಕಟ್‌ನಿಂದ ಮುಂದಿನ ಕಟ್‌ವರೆಗಿನ ತುಣುಕು) ಎಣಿಸಿ, 60 ಸೆಕೆಂಡನ್ನು ಆ ಸಂಖ್ಯೆಯಿಂದ ಭಾಗಿಸಿ. ಸರಾಸರಿ ಶಾಟ್ ಎಷ್ಟು ಸೆಕೆಂಡ್ ಎಂದು ಗೊತ್ತಾಗುತ್ತದೆ. ಆಮೇಲೆ ಸದ್ದು ಮುಚ್ಚಿ ಮತ್ತೊಮ್ಮೆ ನೋಡಿ, ಏನು ಕಳೆದುಹೋಯಿತು ಎಂದು ಬರೆಯಿರಿ.

ಟ್ರೈಪಾಡ್ ಒಂದೇ ಇದೆ. ಯಾರಿಗೆ ಯಾವ ದಿನ ಬೇಕು, ಇಲ್ಲೇ ಹಾಕಿ.