ಮಗಳಿಗೊಂದು ಪತ್ರ: ನೆಲ ನಡುಗಿದ್ರ

ಅವ್ವಿ,

ನಿನ್ನಿ ರಾತ್ರಿ ಸಿಟ್ಟಿನಾಗ ಬಾಯಿಗೆ ಬಂದಂಗ ಅಂದೆ, ಮನಸ್ಸಿಗೆ ಹಚ್ಕೋಬ್ಯಾಡ. ನಮ್ಮ ವಿಜಯಪುರದಿಂದ ಆ ಶ್ರೀ ವಿಜಯಪುರಂಗೆ, ಅಂದ್ರ ಮೊದಲಿನ ಪೋರ್ಟ್ ಬ್ಲೇರ್‌ಗೆ, ನಿನ್ನ ಬಲದ ಮ್ಯಾಲೆ ನೌಕರಿ ಹಿಡಿದು ಹೊಂಟಿ. ಓಣಿ ತುಂಬ ಹೇಳ್ಕೊಂಡು ಬಂದೇನಿ. ಆದ್ರ "ಸ್ಯಾನ್ ಆಂಡ್ರಿಯಾಸ್ ನೋಡೇನಪ್ಪ, ಎಲ್ಲಾ ಗೊತ್ತೈತಿ" ಅಂದ್ಯಲ್ಲ, ಅದಕ್ಕ ನಿದ್ದಿ ಹತ್ತಲಿಲ್ಲ.

2015ರ ಆ ಭೂಕಂಪದ ಸಿನಿಮಾದಾಗ ಭೂಮಿ ಬಾಯಿ ತೆರೀತೈತಿ. ಖರೇ ನೋಡಿದ್ರ ಕ್ಯಾಲಿಫೋರ್ನಿಯಾದ ಆ ಸ್ಯಾನ್ ಆಂಡ್ರಿಯಾಸ್ ಬಿರುಕಿನಾಗ ಭೂಮಿಯ ಎರಡು ಫಲಕ ಒಂದಕ್ಕೊಂದು ಉಜ್ಜಿಕೊಂಡು ಅಡ್ಡ ಸರೀತಾವ, ಹಂಗ ಕಂದಕ ಬೀಳೂದಿಲ್ಲ. ಮಂದಿ ಸಾಯೂದು ಗೋಡಿ ಬಿದ್ದು. 1993ರ ಸೆಪ್ಟೆಂಬರ್ 30ರ ನಸುಕಿನಾಗ ಮಹಾರಾಷ್ಟ್ರದ ಕಿಲ್ಲಾರಿಯೊಳಗ ಭೂಕಂಪದ ತೀವ್ರತೆ ಬರೇ 6.2. ಗಣಪತಿ ಕಳಿಸಿ ಮಲಗಿದವರ ಮ್ಯಾಲೆ ಮಣ್ಣಾಗ ಕಟ್ಟಿದ ದಪ್ಪ ಕಲ್ಲಿನ ಗೋಡಿ, ಮಾಳಿಗಿ ಮ್ಯಾಲಿನ ಮಣ್ಣಿನ ಭಾರ ಎಲ್ಲಾ ಕುಸೀತು. ನಮ್ಮ ಹಳೀ ಮನಿಯೂ ಅಂಥಾದ. ಅದಕ್ಕ ಸಣ್ಣಾಕಿದ್ದಾಗಿಂದ "ನಡುಗಿದ್ರ ಹೊರಗ ಓಡು" ಅಂತ ಕಲಿಸಿದೆ. ಆ ಮಾತು ಅಲ್ಲಿ ಬಿಟ್ಟುಬಿಡು. ನಿನ್ನ ರೂಮು ಆರ್‌ಸಿಸಿ, ಮೂರನೇ ಮಹಡಿ. ನಡುಗೂವಾಗ ಮೆಟ್ಟಲಿಗೆ ಓಡಿದ್ರ ಉರುಳಿ ಬೀಳ್ತಿ, ಹೊರಗ ಹೋದ್ರ ಗಾಜು, ಪ್ಯಾರಾಪೆಟ್ ತಲಿಗೆ ಬೀಳ್ತಾವ. ಗಟ್ಟಿ ಟೇಬಲ್ ಕೆಳಗ ಹೊಕ್ಕು ಅದರ ಕಾಲು ಹಿಡಕೊಂಡು ಕುಂದ್ರು.

ನಡುಗೂದು ನಿಂತ ಮ್ಯಾಲೆ ಓಡೂ ಮಾತು. ನನ್ನ ಅಂಜಿಕಿ ಸಮುದ್ರದ್ದು, ಸುನಾಮಿದು.

2004ರ ಡಿಸೆಂಬರ್ 26ಕ್ಕ ಸುಮಾತ್ರಾ ಹತ್ರ ನೆಲ ನಡುಗಿದ್ದು ನಮ್ಮ ಗಡಿಯಾರದಾಗ ಮುಂಜಾನಿ ಆರೂವರಿಗೆ. ನೀರು ಚೆನ್ನೈ ಮುಟ್ಟಾಕ ಎರಡು ತಾಸಿಗೂ ಹೆಚ್ಚು ಹಿಡೀತು, ನೀ ಹೊಂಟಿರೂ ಊರಿಗೆ ಒಂದು ತಾಸೂ ಹಿಡೀಲಿಲ್ಲ. ಹೈದರಾಬಾದಿನ ಇನ್‌ಕಾಯಿಸ್ ಅನ್ನೂ ಸಮುದ್ರ ಮಾಹಿತಿ ಕೇಂದ್ರ ಈಗ ಸುನಾಮಿ ಎಚ್ಚರಿಕಿ ಕೊಡತೈತಿ, ಆದ್ರ ಅದಕ್ಕ ಕಾಯಬ್ಯಾಡ. 20 ಸೆಕೆಂಡಿಗಿಂತ ಹೆಚ್ಚು ನಡುಗಿದ್ರ ಅದ ನಿನ್ನ ಸೈರನ್.

ಸಿನಿಮಾದಾಗಿನಂಗ ತೆರಿ ಗೋಡಿಯಾಗಿ ಎದ್ದು ನಿಲ್ಲತೈತಿ ಅಂತ ಹಾದಿ ನೋಡಬ್ಯಾಡ. ಭೀಮಾ ಹೊಳಿ ಏರಿದಂಗ ಏರತೈತಿ, ಹೊಳಿಗೆ ದಿನ ಬೇಕು, ಇದಕ್ಕ ನಿಮಿಷ. ಹತ್ತು ಮೀಟರ್ ಆಳದ ನೀರಾಗೂ ಅದರ ಓಟ ತಾಸಿಗೆ 36 ಕಿಲೋಮೀಟರ್. ಸಮುದ್ರ ಮೊದಲು ಹಿಂದ ಸರಿಯಲೇಬೇಕು ಅನ್ನೂದೂ ಸುಳ್ಳು. ಆವತ್ತು ಥಾಯ್ಲೆಂಡ್ ಕಡೆ ಹಿಂದ ಸರೀತು, ಚೆನ್ನೈ ಕಡೆ ಸೀದಾ ಏರಿ ಬಂತು. ಸರಿದ್ರಂತೂ ಫೋನ್ ಹಿಡಕೊಂಡು ದಂಡಿಗೆ ಹೋಗಬ್ಯಾಡ. ಎಲ್ಲಾರೂ ಹೊಂಟ್ರೂ ಹೋಗಬ್ಯಾಡ. ಮೀನು ಒದ್ದಾಡಾಕತ್ತಾವ ನೋಡು ಅಂತ ಗೆಳತಿ ಕರದ್ರೂ ಹೋಗಬ್ಯಾಡ, ಆಕಿನ್ನೂ ಎಳಕೊಂಡು ಗುಡ್ಡ ಹತ್ತು.

ನಡಕೊಂಡ ಹತ್ತು, ಸ್ಕೂಟರ್ ತಗೀಬ್ಯಾಡ, ರಸ್ತಾ ಕಟ್ಟಿಬಿಡತೈತಿ. ಮೂವತ್ತು ಮೀಟರ್ ಎತ್ತರ ಸಿಕ್ಕರ ಛಲೋ. ಮೊದಲ ನೀರು ಇಳೀತು ಅಂತ ಸಾಮಾನು ತರಾಕ ತಿರುಗಿದವರನ್ನ ಮುಂದಿನ ತೆರಿ ಒಯ್ತು. 20 ನಿಮಿಷಕ್ಕೂ ಬರಬಹುದು, ತಾಸಿಗೂ ಬರಬಹುದು, ಮೊದಲಿನದಕ್ಕಿಂತ ದೊಡ್ಡದೂ ಇರಬಹುದು. ಅಧಿಕಾರಿಗಳು ಇಳೀರಿ ಅನ್ನೂತನಕ ಮ್ಯಾಲೆ ಇರು. ಫೋನ್ ಹತ್ತದಿದ್ರ ಎಸ್ಸೆಮ್ಮೆಸ್ ಕಳಿಸು, "ಮ್ಯಾಲೆ ಅದೇನಿ" ಅಷ್ಟ ಸಾಕು.

ಮತ್ತ ಭಾಷಣ ಆತು, ನಿಮ್ಮವ್ವ ಬೈಯಾಕತ್ತಾಳ. ಚೀಲದ ಹೊರಗಿನ ಜೇಬಿನಾಗ ಟಾರ್ಚು, ಸೀಟಿ, ಸಣ್ಣ ನೋಟು, ಆಧಾರ್ ಜೆರಾಕ್ಸು ಪ್ಲಾಸ್ಟಿಕ್‌ನಾಗ ಕಟ್ಟಿ ಇಟ್ಟೇನಿ. ಜಾಗ ಸಾಲಲಿಲ್ಲಂದ್ರ ಶೇಂಗಾ ಹೋಳಿಗಿ ತಗದಿಡು, ಅದನ್ನ ತಗೀಬ್ಯಾಡ.

ನಿಮ್ಮಪ್ಪ